ಭಾವನಿಗೆ ಹೊಡೆದ ಅಡ್ಡಗಾಳಿ

ಬಸ್ಸು ಹತ್ತಿದರೆ ಬ್ರೇಕಿನ ಚಿಂತೆ, ಇಳಿದರೆ ಚಪ್ಪಲಿಯ ಚಿಂತೆ ಮಾಡುವವನು ನಾನು. ಹೀಗಾಗಿ ನಾನು ‘ಬ್ಯಾಡ’ ಅಂದರೆ ಮನೆಯಲ್ಲಿ ಯಾರೂ ತಲೆ ಎತ್ತಿ ಸಹ ನೋಡುವುದಿಲ್ಲ. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುವ ಭಾವ, ಅಂದರೆ ಅಕ್ಕನ ಗಂಡ, ಹಂಪಿಯನ್ನು ಮೇಲಿನಿಂದ ತೋರಿಸುವ ಪುಟ್ಟ ವಿಮಾನ ಹತ್ತುತ್ತೇನೆ ಅಂದಾಗಲೂ ಅದೇ ಆಯಿತು. ಅವರಿಗೆ ಹಂಪಿ ಬೇಕಿರಲಿಲ್ಲ. ತಮ್ಮ ಗಿರಣಿಯ ತಗಡು ಆಕಾಶದಿಂದ ಹೆಂಗೆ ಕಾಣುತ್ತದೋ ನೋಡಬೇಕಿತ್ತು.

ಸಂಡೂರು ಕಡೆಯ ಆ ಸಣ್ಣ ರನ್‌ವೇ ಮೇಲೆ ಅವತ್ತು ಆಷಾಢದ ಗಾಳಿ. ಕೆಂಪು ಧೂಳು ಅಡ್ಡಡ್ಡ ಓಡುತ್ತಿತ್ತು. ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಕಂಬದ ಮೇಲೆ ಒಮ್ಮೆ ಸೆಟೆದು ನಿಲ್ಲುವುದು, ಒಮ್ಮೆ ಜೋತುಬೀಳುವುದು. ಪೈಲಟ್, ಸ್ವಲ್ಪ ತಡೆಯೋಣ ಅಂದ.

“ಭಾವಾ, ಗಾಳಿ ಅಡ್ಡ ಐತ್ರಿ. ಬ್ಯಾಡ್ರಿ.”

“ಲೇ ತಮ್ಮಾ, ಕಣದಾಗ ಎಂದಾರ ರಾಶಿ ತೂರಿದ್ದಿಯೇನು? ಗಾಳಿ ಅಡ್ಡ ಬಂದ್ರನ ಹೊಟ್ಟು ಅತ್ತ ಹಾರಿ, ಕಾಳು ಕಾಲಬುಡಕ ಬೀಳತೈತಿ. ಭಾಳ ಚಲೋ ಗಾಳಿ ಇದು.” ಹೊಟ್ಟೆ ತಟ್ಟಿಕೊಂಡರು. “ನಾ ಕಾಳು. ನೀ ಬಂದ್ರ ಹಾರಿ ಹೋಗ್ತಿ, ಇಲ್ಲೇ ಕುಂದ್ರು.”

ಕುಂತೆ. ಹೇಗೂ ಹತ್ತುವವನಲ್ಲ, ಮರ್ಯಾದೆಯಾದರೂ ಉಳಿಯಿತು.

ಚೀಲ ಜೋತುಬಿದ್ದು ಕೆಲಹೊತ್ತು ಹಾಗೇ ಇತ್ತು. ಗಾಳಿ ನಿಂತಿತೆಂದು ಪೈಲಟ್ ಭಾವನನ್ನು ಹತ್ತಿಸಿಕೊಂಡ, ವಿಮಾನ ಓಡಿತು. ಚಕ್ರ ನೆಲ ಬಿಟ್ಟಿತ್ತಷ್ಟೇ, ಪಕ್ಕದಿಂದ ಗಾಳಿ ಬಡಿಯಿತು. ಒಂದು ರೆಕ್ಕೆ ಮೇಲೆದ್ದಿತು, ಇನ್ನೊಂದರ ತುದಿ ನೆಲ ಗೀರಿತು. ಗಿರಕಿ ಹೊಡೆದು ಜಾಲಿಗಿಡಗಳೊಳಗೆ ನುಗ್ಗಿ ನಿಂತಿತು. ನಾನು ಓಡಿದೆ. ಇಷ್ಟು ವರ್ಷ ಕಲ್ಪಿಸಿಕೊಂಡ ಅನಾಹುತಗಳಲ್ಲಿ ಒಂದರಲ್ಲೂ ಇಷ್ಟು ಮೌನ ಇರಲಿಲ್ಲ.

ಪೈಲಟ್‌ನ ಭುಜ ಮುರಿದಿತ್ತು, ಭಾವನ ಸೊಂಟ. ಹೊಸಪೇಟೆಯ ಆಸ್ಪತ್ರೆಯಲ್ಲಿ ಮೂಳೆ ಕೂಡಿತು. ಭಾವನ ಧೈರ್ಯ ಮಾತ್ರ ಕೂಡಲಿಲ್ಲ. ಈಗ ಗಿರಣಿಯ ತಗಡು ಪಟಪಟ ಅಂದರೆ ಸಾಕು, ಕೋಲು ಊರಿಕೊಂಡು ಮನೆಗೆ ಬಂದು ಬಾಗಿಲು ಹಾಕಿಕೊಳ್ಳುತ್ತಾರೆ. ಬೆಳಗಾದರೆ ಹೊಸಪೇಟೆಯಲ್ಲಿರುವ ನನಗೆ ಫೋನು. ಗಾಳಿ ಮೊದಲು ಹೊಸಪೇಟೆಗೆ ಬಂದು ಆಮೇಲೆ ಕಂಪ್ಲಿಗೆ ಹೋಗುತ್ತದಂತೆ.

ಮೊನ್ನೆ ಕೇಳಿದರು: “ಗಿರಣಿಗೆ ಹೋಗ್ಲೋ ಬ್ಯಾಡೋ? ನೀನ ಹೇಳಪಾ.”

ಅಂತೂ ನನ್ನ ಮಾತಿಗೂ ಬೆಲೆ ಬಂತು. ಕಿಟಕಿಯಾಚೆ ತೆಂಗಿನ ಗರಿಗಳು ಹೊಯ್ದಾಡುತ್ತಿದ್ದವು.

“ಗಾಳಿ ಏನೂ ಇಲ್ಲರಿ ಭಾವಾ. ಹೋಗ್ರಿ.”

ಆ ಕಡೆಯಿಂದ ಸಣ್ಣ ದನಿ: “ನೀನ ಹೋಗ್ರಿ ಅನ್ನಾಕತ್ತಿ ಅಂದ್ರ, ಏನೋ ಐತಿ.”

ಅವತ್ತೂ ಹೋಗಲಿಲ್ಲವೆಂದು ಸಂಜೆ ಅಕ್ಕ ಹೇಳಿದಳು.