ದುಃಖದಲ್ಲಿ ಪುಸ್ತಕ ಮುಚ್ಚದ ಪೂವಪ್ಪ

ಬೆಳಗಿನ ಐದು ಗಂಟೆ. ಮಾಟುಂಗದ ಹೋಟೆಲೊಂದರ ಅಡುಗೆಮನೆಯಲ್ಲಿ ಪೂವಪ್ಪ ಚಟ್ನಿ ರುಬ್ಬುತ್ತಿದ್ದಾರೆ. ಕೈ ಒರಳಿನಲ್ಲಿ, ಬಾಯಲ್ಲಿ ಹಳಗನ್ನಡದ ಪದ್ಯ. "ಇವತ್ತು ಗುರುವಾರ ಅಲ್ವಾ, ಸ್ವರ ಸರಿ ಮಾಡಿಕೊಳ್ಳುವುದು" ಎಂದು ನಗುತ್ತಾರೆ. ಗುರುವಾರ ಮಧ್ಯಾಹ್ನ ಇವರು ಬಾಂದ್ರಾದ ಮನೋವೈದ್ಯರೊಬ್ಬರಿಗೆ ಕಾವ್ಯ ಓದುತ್ತಾರೆಂದರೆ ಹೋಟೆಲಿನ ಗಿರಾಕಿಗಳು ನಂಬಲಿಕ್ಕಿಲ್ಲ. ನಾನೂ ನಂಬದೆ, ಕಣ್ಣಾರೆ ನೋಡೋಣವೆಂದು ಬೆನ್ನು ಹತ್ತಿದೆ.

ಡಾಕ್ಟರ್ ರಮಾನಾಥ ಹುಟ್ಟಿ ಬೆಳೆದದ್ದು ಮುಂಬಯಿಯಲ್ಲೇ. ಕನ್ನಡ ಮಾತು ಬರುತ್ತದೆ, ಓದು ಬಾರದು. "ಖಿನ್ನತೆ ಅಂದ್ರೆ ಜನ ದೆವ್ವ ಅಂತಾರೆ. ನಮ್ಮ ಹಳೇ ಕವಿಗಳೇ ಇದನ್ನ ಬರೆದಿದ್ದಾರೆ ಅಂತ ತೋರಿಸಿದ್ರೆ ಮಾತ್ರೆ ತಗೋತಾರೆ" ಎನ್ನುವುದು ಅವರ ವಾದ. ಒಪ್ಪಬೇಕಾದ ಮಾತೇ. ಅದಕ್ಕೇ ಕಾವ್ಯಗಳಲ್ಲಿ ಊಟ, ನಿದ್ದೆ ಬಿಟ್ಟ ರಾಣಿಯರನ್ನು ಹುಡುಕಿಸುತ್ತಾರೆ. ಓದಿದ್ದಕ್ಕೆ ಬದಲಾಗಿ ಪೂವಪ್ಪನವರ ಹೆಂಡತಿ ಸೇವಂತಿಗೆ ಪುಕ್ಕಟೆ ಚಿಕಿತ್ಸೆ.

ರೈಲು ಮುಷ್ಕರದ ವರ್ಷ ಹುಟ್ಟಿದ ಮಗು ವಾರದೊಳಗೆ ತೀರಿಕೊಂಡಿತು. ಅಂದಿನಿಂದ ಸೇವಂತಿ ಮಾತು ಬಿಟ್ಟಿದ್ದಾರೆ. ಗಂಡ ಮಲಗುವುದು ಹೋಟೆಲಿನ ಅಟ್ಟದಲ್ಲಿ, ಹೆಂಡತಿ ಇರುವುದು ಕುರ್ಲಾದ ಚಾಳಿನಲ್ಲಿ, ಅಕ್ಕ ನೀಲಾವತಿಯ ಜೊತೆ. ಇಬ್ಬರೂ ಒಬ್ಬರನ್ನೊಬ್ಬರು ಕಾಣುವುದು ಈ ಗುರುವಾರ ಮಾತ್ರ.

ಕರಾವಳಿಯ ಊರಿನಲ್ಲಿ ಆಟಿ ತಿಂಗಳ, ಅಂದರೆ ಆಷಾಢದ, ಮಳೆಗೆ ಪೂವಪ್ಪನವರನ್ನು ಮನೆಮನೆಗೆ ಕರೆಸಿ ಓದಿಸುತ್ತಿದ್ದರಂತೆ. "ಕೇಳುವವರಲ್ಲಿ ಮೊದಲು ಹೂಂಗುಟ್ಟುತ್ತಿದ್ದದ್ದು ಇವಳೇ, ಸೇವಂತಿ. ಆ ಒಂದು 'ಹೂಂ' ಕೇಳಿದರೆ ಸಾಕಿತ್ತು ನನಗೆ" ಎನ್ನುತ್ತಾರೆ. "ಅಲ್ಲೊಂದು ಕ್ರಮ ಉಂಟು. ದುಃಖದಲ್ಲಿ ಪುಸ್ತಕ ಮುಚ್ಚಲಿಕ್ಕಿಲ್ಲ. ರಾಣಿ ಕಾಡಿನಲ್ಲಿ ಅಳ್ತಾ ಇದ್ದರೆ, ರಾಜ ಬಂದು ಕೈ ಹಿಡಿಯುವವರೆಗೆ ಓದಲೇಬೇಕು. ಇಲ್ಲದಿದ್ದರೆ ಆ ದುಃಖ ಕೇಳಿದವರಲ್ಲಿ ಕೂತುಬಿಡ್ತದೆ."

ಬಾಂದ್ರಾದಲ್ಲಿ ನಡೆದದ್ದು ಬೇರೆ. ಪೂವಪ್ಪ ಓದುತ್ತಾರೆ: ಅಗಲಿದ ರಾಣಿ ಉಣ್ಣುವುದಿಲ್ಲ, ಕಂಬಕ್ಕೊರಗಿ ಕೂತೇ ಇರುತ್ತಾಳೆ. ಅಕ್ಕನ ಜೊತೆ ಬಂದು ಮೂಲೆಯ ಕುರ್ಚಿಯಲ್ಲಿ ಕೂತಿರುವ ಸೇವಂತಿಯ ಕಣ್ಣು ತುಂಬುತ್ತದೆ. "ಸಾಕು ಪೂವಪ್ಪ, ಇದೇ ಬೇಕಾಗಿತ್ತು! ಇವರಿಗಿರೋದೇ ಆ ರಾಣಿಗೂ ಇತ್ತು ನೋಡಿ" ಎಂದು ಡಾಕ್ಟರು ಹುಮ್ಮಸ್ಸಿನಿಂದ ಬರೆದುಕೊಳ್ಳುತ್ತಾರೆ. ಪುಸ್ತಕ ಕಪಾಟು ಸೇರುತ್ತದೆ. ನನಗಂತೂ ಸಂಕಟವಾಯಿತು.

ಮುಂದಿನದನ್ನು ದಾರಿಯಲ್ಲಾದರೂ ಸೇವಂತಿಗೆ ಹೇಳಬಹುದಲ್ಲ ಎಂದು ಪೂವಪ್ಪನವರನ್ನು ಕೇಳಿದೆ. "ಅವರು ಲೇಡೀಸ್ ಡಬ್ಬಿ, ನಾನು ಜಂಟ್ಸ್. ದಾದರಿನಲ್ಲಿ ಇಳಿದರೆ ಕುರ್ಲಾದ ಲೋಕಲ್ ನಿಂತೇ ಇರ್ತದೆ."

ಡಾಕ್ಟರನ್ನೇ ಕೇಳಬಾರದೇ?

"ಕೇಳಿದೆ. ಹೊರಗೆ ಪೇಷಂಟುಗಳು ಕಾಯ್ತಿದ್ದಾರೆ ಅಂದರು. ಅದೂ ಹೌದು. ಅವರ ಮಾತ್ರೆಯಿಂದ ಇವಳಿಗೆ ನಿದ್ದೆಯಾದರೂ ಬರ್ತದೆ, ಹೆಚ್ಚು ಹೇಗೆ ಕೇಳುವುದು? ಒಂದು ಸಲ ಇವಳೆದುರು ಕೊನೆಯವರೆಗೆ ಓದಬೇಕು, ಅಷ್ಟೇ."

ದಾದರಿನ ಪ್ಲಾಟ್‌ಫಾರ್ಮಿನಲ್ಲಿ ನೀಲಾವತಿ ತಂಗಿಯ ಕೈಹಿಡಿದು ಲೋಕಲ್ ಹತ್ತಿಸುತ್ತಾರೆ. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿರುವ ಸೇವಂತಿ ಹಿಂತಿರುಗಿ ನೋಡುವುದಿಲ್ಲ. ರೈಲು ಹೊರಟ ಮೇಲೂ ಪೂವಪ್ಪ ಅಲ್ಲೇ ನಿಂತಿದ್ದಾರೆ.

"ನಾನು ಓದಿದ ಮನೆಯಿಂದ ಯಾವ ಹೆಂಗಸೂ ಅಳ್ತಾ ಎದ್ದು ಹೋದದ್ದಿಲ್ಲ ಮಾರಾಯ್ರೇ" ಎನ್ನುತ್ತಾರೆ, "ಇವಳೊಬ್ಬಳ ಬಿಟ್ಟು."