ಹದ್ದಿನಕಣ್ಣನ ಒಣಗಣ್ಣು

ಫೋಟೋ ಸ್ಟುಡಿಯೋದ ಒಳಕೋಣೆಯಲ್ಲಿ ಕೂತು ಕಂಪ್ಯೂಟರಿನಲ್ಲಿ ಬೇರೆಯವರ ಮುಖ ತಿದ್ದುವುದು ಅವನ ಕೆಲಸ. ಮೊಡವೆ ಅಳಿಸುವುದು, ಕಣ್ಣಿನ ಕೆಂಪು ತೆಗೆಯುವುದು, ಬೋಳುತಲೆಯ ಹೊಳಪು ತಗ್ಗಿಸುವುದು, ಎರಡು ಗದ್ದ ಇದ್ದವರಿಗೆ ಒಂದನ್ನೇ ಉಳಿಸಿಕೊಡುವುದು. ಇಷ್ಟಕ್ಕೇ ಅವನು ತನಗೆ ತಾನೇ ಹದ್ದಿನಕಣ್ಣ ಎಂದು ಬಿರುದು ಕೊಟ್ಟುಕೊಂಡಿದ್ದ, ಕೊಟ್ಟದ್ದು ಜನ ಎಂದು ಹೇಳಿಕೊಂಡು ತಿರುಗುತ್ತಿದ್ದ. ಜನ ಮೊದಮೊದಲು ನಗುತ್ತಾ ಹಾಗೆ ಕರೆದರು. ಆಮೇಲೆ ನಗು ಹೋಯಿತು, ಹೆಸರು ಮಾತ್ರ ಉಳಿಯಿತು.

ಅವನಿಗೆ ಮನುಷ್ಯರೆಂದರೆ ತಾತ್ಸಾರ. ದಿನವಿಡೀ ಜನರ ಮುಖವನ್ನು ಬಾಗಿಲಷ್ಟು ದೊಡ್ಡದು ಮಾಡಿ ನೋಡುವವನಿಗೆ ಅವರ ಮೇಲೆ ಗೌರವ ಉಳಿಯುವುದು ಕಷ್ಟ, ಒಪ್ಪೋಣ. ಆದರೆ ಫೋಟೋ ತೆಗೆಯುವವನು ಅವನ ಬಾಯಲ್ಲಿ ‘ಗುಂಡಿ ಒತ್ತೋನು’, ಸ್ಟುಡಿಯೋದ ಯಜಮಾನಿ ‘ಗಲ್ಲಾಪೆಟ್ಟಿಗೆ’. ಎಲ್ಲರಿಗಿಂತ ಕಡೆಯಾಗಿ ಕಂಡವನು ಪ್ರಿಂಟ್ ತೆಗೆಯುವವನು. “ಅವನದೇನು ವಿದ್ಯೆ? ಕುರಿಗೆ ಸೊಪ್ಪು ತಿನ್ಸೋ ಹಾಗೆ ಮಿಷನ್ನಿಗೆ ಕಾಗದ ತಿನ್ಸೋದು” ಎಂದು ಅವನ ಎದುರಿಗೇ ಹೇಳುತ್ತಿದ್ದ. ಪ್ರಿಂಟಿನವನು ಕೇಳಿಸದವನ ಹಾಗೆ ಕಾಗದ ತಿನ್ನಿಸುತ್ತಿದ್ದ.

ಹದ್ದಿನಕಣ್ಣನ ಆಸನವನ್ನು ನೋಡಬೇಕಿತ್ತು. ತಲೆ ಬಗ್ಗಿಸಿ ಕೆಲಸ ಮಾಡುವುದು ಗುಮಾಸ್ತರ ಲಕ್ಷಣವೆಂದು ಅವನು ಪರದೆಯನ್ನು ಎರಡು ಖಾಲಿ ಬಣ್ಣದ ಡಬ್ಬಿಗಳ ಮೇಲೆ ಏರಿಸಿದ್ದ. ಗದ್ದ ಎತ್ತಿ, ಕಣ್ಣು ಪೂರಾ ಅರಳಿಸಿ ಅದನ್ನು ನೋಡುತ್ತಿದ್ದ. ಸೆಕೆ ಎಂದು ಮೇಜಿನ ಫ್ಯಾನನ್ನು ನೇರ ಮುಖಕ್ಕೇ ತಿರುಗಿಸಿಕೊಂಡಿದ್ದ. ಇದೆಲ್ಲ ಸಾಲದೆಂಬಂತೆ, ಕೆಲಸದ ಹೊತ್ತಿನಲ್ಲಿ ಕಣ್ಣು ಮಿಟುಕಿಸುವುದನ್ನೇ ಬಿಟ್ಟಿದ್ದ. ಅದೂ ಒಂದು ಸಾಧನೆ ಅವನಿಗೆ. “ಫೋಟೋದಲ್ಲಿ ಹಿಂದಿನ ಗೋಡೆಯಿಂದ ಕೂದಲನ್ನ ಒಂದೊಂದೇ ಎಳೆ ಬಿಡಿಸಬೇಕಾದ್ರೆ ರೆಪ್ಪೆ ಬಡಿಯೋಕೆ ಪುರುಸೊತ್ತೆಲ್ಲಿ? ಮಿಟುಕಿಸೋರು ಹೋಗಿ ಪಾಸ್‌ಪೋರ್ಟ್ ಫೋಟೋ ಕತ್ತರಿಸಲಿ” ಎನ್ನುತ್ತಿದ್ದ.

ಕಣ್ಣು ಮೊದಲು ಚುರುಗುಟ್ಟಿತು. ಆಮೇಲೆ ಮರಳು ಬಿದ್ದಂತೆ ಒತ್ತತೊಡಗಿತು, ಕೆಂಪಾಯಿತು. ಊರಿನವರ ಕಣ್ಣಿನ ಕೆಂಪು ತೆಗೆಯುವವನು ತಾನೇ ಕೆಂಗಣ್ಣು ಬಿಟ್ಟುಕೊಂಡು ಕೂರುವುದೆಂದರೆ ಅವಮಾನವಲ್ಲವೇ? ಔಷಧದಂಗಡಿಗೆ ಹೋಗಿ, ಯಾರನ್ನೂ ಕೇಳದೆ, ಕಣ್ಣು ಬೆಳ್ಳಗೆ ಮಾಡುವ ಹನಿ ತಂದು ಸುರಿದುಕೊಂಡ. ಬೆಳಿಗ್ಗೆ ಬೆಳ್ಳಗಾದದ್ದು ಮಧ್ಯಾಹ್ನಕ್ಕೆ ಮೊದಲಿಗಿಂತ ಕೆಂಪು. ಕೊನೆಗೆ ಕಣ್ಣಿನಿಂದ ನೀರು ಸುರಿಯತೊಡಗಿತು, ಪರದೆಯ ಮೇಲಿನ ಮುಖಗಳೆಲ್ಲ ಮಬ್ಬಾದವು.

ಬುದ್ಧಿ ಇದ್ದವನು ಇಲ್ಲಿ ತನ್ನ ಕಣ್ಣನ್ನು ಅನುಮಾನಿಸುತ್ತಿದ್ದ. ಹದ್ದಿನಕಣ್ಣ ಫೋಟೋವನ್ನು ಅನುಮಾನಿಸಿದ. ಗುಂಡಿ ಒತ್ತುವವನಿಗೆ ಕೈ ನಡುಕ ಬಂದಿದೆ ಎಂದು ತೀರ್ಮಾನಿಸಿ, ಬಂದ ಚಿತ್ರವನ್ನೆಲ್ಲ, ಗೆರೆಗಳು ಎದ್ದು ಕಾಣುವಂತೆ, ಶಾರ್ಪ್ ಮಾಡಿದ. ತನಗೆ ಸ್ಪಷ್ಟವಾಗಿ ಕಾಣುವ ತನಕ ಮಾಡಿದ. ಪ್ರಿಂಟಾಗಿ ಬಂದಾಗ ಮುಖಗಳು ಒರಟು ಮರದಲ್ಲಿ ಕೆತ್ತಿದಂತಿದ್ದವು. ಒಬ್ಬ ಮದುಮಗ ತನ್ನ ಫೋಟೋ ಹಿಡಿದು ಬಂದು, “ನನಗೆ ಸಿಡುಬು ಯಾವಾಗ ಆಗಿತ್ತು, ಸ್ವಲ್ಪ ಹೇಳ್ತೀರಾ?” ಎಂದು ಕೇಳಿದ. ಹದ್ದಿನಕಣ್ಣ ಪ್ರಿಂಟಿನ ಮಿಷನ್ನಿನ ಕಡೆ ಬೆರಳು ತೋರಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

ಯಜಮಾನಿ ಒಳಕೋಣೆಗೆ ಬಂದಳು. “ನೋಡಿ ಅಣ್ಣಾ, ಇನ್ನೊಂದು ಫೋಟೋ ವಾಪಸ್ ಬಂದ್ರೆ ಕೊನೇ ಮಾತು ಪ್ರಿಂಟಿನವನದು. ಅವನು ಸರಿ ಅಂದ ಮೇಲೇನೇ ನಿಮ್ಮ ಕೆಲಸ ಹೊರಗೆ ಹೋಗೋದು. ಮೊದ್ಲು ಹೋಗಿ ಕಣ್ಣು ತೋರಿಸ್ಕೊಂಡು ಬನ್ನಿ.”

ಕುರಿಗೆ ಸೊಪ್ಪು ತಿನ್ನಿಸುವವನು ತನ್ನ ಕೆಲಸಕ್ಕೆ ಸೈ ಅನ್ನಬೇಕೇ! ಅದಕ್ಕಿಂತ ಡಾಕ್ಟರೇ ವಾಸಿ ಎಂದು ಹೋದ.

ಕಣ್ಣಿನ ಡಾಕ್ಟರಮ್ಮ ರೆಪ್ಪೆ ಎತ್ತಿ, ಬಣ್ಣದ ಹನಿ ಹಾಕಿ, ದೀಪ ಬಿಟ್ಟು ನೋಡಿ, “ಕಣ್ಣು ಒಣಗಿದೆ” ಎಂದರು.

“ಒಣಗಿದೆಯಾ? ನನ್ನ ಕರ್ಚೀಫು ಹಿಂಡಿದ್ರೆ ಲೋಟ ತುಂಬುತ್ತೆ, ಹಿಂಡಿ ತೋರಿಸ್ಲಾ?”

“ಅದು ಉರಿ ತಡೀಲಾರದೆ ಸುರಿಯೋ ನೀರು. ಕಣ್ಣಲ್ಲಿ ನಿಲ್ಲಲ್ಲ, ಕೆನ್ನೆಗೆ ಇಳಿದುಬಿಡುತ್ತೆ. ನಿಲ್ಲಬೇಕಾದ್ರೆ ಅದರ ಮೇಲೆ ತೆಳ್ಳಗೆ ಎಣ್ಣೆ ಪದರ ಇರಬೇಕು. ರೆಪ್ಪೆಯ ಅಂಚಲ್ಲಿ ಅದಕ್ಕೇ ಅಂತ ಸಣ್ಣ ಸಣ್ಣ ಗ್ರಂಥಿಗಳಿವೆ. ರೆಪ್ಪೆ ಪೂರ್ತಿ ಮುಚ್ಚಿ ತೆರೆದಾಗ ಆ ಎಣ್ಣೆ ಹೊರಗೆ ಬಂದು ಹರಡುತ್ತೆ. ನೀವು ಮುಚ್ಚೋದೇ ಇಲ್ಲ. ಅಲ್ಲೇ ಗಟ್ಟಿಯಾಗಿ ಕೂತಿದೆ.”

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದುಡಿಯುತ್ತೇನೆಂದು ಕೊಚ್ಚಿಕೊಳ್ಳುವವನ ಕಣ್ಣಲ್ಲಿ ಎಣ್ಣೆಯೇ ಇರಲಿಲ್ಲ.

ಡಾಕ್ಟರಮ್ಮ ಹೇಳಿದ್ದೆಲ್ಲ ಸರಳವಾಗಿತ್ತು: ಆ ಬೆಳ್ಳಗೆ ಮಾಡುವ ಹನಿ ಬಿಸಾಡಿ. ನಾನು ಬರೆದುಕೊಡುವ ಕೃತಕ ಕಣ್ಣೀರು ಹಾಕಿಕೊಳ್ಳಿ. ಬೆಳಿಗ್ಗೆ ಸಂಜೆ ಮುಚ್ಚಿದ ರೆಪ್ಪೆಯ ಮೇಲೆ ಬೆಚ್ಚನೆ ಬಟ್ಟೆ ಇಟ್ಟು ಮೆಲ್ಲಗೆ ನೀವಿ. ಪರದೆ ಕಣ್ಣಿಗಿಂತ ಕೆಳಗಿರಲಿ, ಫ್ಯಾನು ಅತ್ತ ತಿರುಗಲಿ. ಆಗಾಗ ಕೆಲಸ ಬಿಟ್ಟು ದೂರ ನೋಡಿ, ಕಣ್ಣು ತುಂಬ ಮಿಟುಕಿಸಿ. ಒಂದೇ ದಿನಕ್ಕೆ ವಾಸಿಯಾಗುವುದಲ್ಲ, ತಾಳ್ಮೆ ಬೇಕು.

“ಬಟ್ಟೆ ಬಿಸಿ ಮಾಡಿ ಇಟ್ಕೊಳ್ಳಿ ಅನ್ನೋಕೆ ಅಷ್ಟು ವರ್ಷ ಓದಬೇಕಿತ್ತಾ?” ಎಂದು ಬೀದಿಯುದ್ದಕ್ಕೂ ಗೊಣಗಿಕೊಂಡು ಬಂದ. ಚೀಟಿ ಜೇಬಿನಲ್ಲೇ ಉಳಿಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವನಿಗೆ ಯಾರು ಏನು ಹೇಳಿ ಏನು ಪ್ರಯೋಜನ?

ಆಗಲೇ ಅವನ ಸ್ವಂತ ಮಗಳ ಪದವಿಯ ಫೋಟೋ ತಿದ್ದಲು ಬಂದದ್ದು. ಕಪ್ಪು ಗೌನು, ಕೈಯಲ್ಲಿ ಸುರುಳಿ, ತುಂಬಿದ ನಗು. ಯಜಮಾನಿಯ ಬಾಯಿ ಮುಚ್ಚಿಸಲು ಇದೇ ಸರಿ ಎಂದುಕೊಂಡ. ತಾನೇ ತಿದ್ದಿ, ಆಳೆತ್ತರ ಮಾಡಿಸಿ, ಬೀದಿ ಕಡೆಯ ಗಾಜಿನ ಹಿಂದೆ ನಿಲ್ಲಿಸುವುದು, ಹದ್ದಿನಕಣ್ಣು ಏನೆಂದು ಊರೇ ನೋಡಲಿ. ಕಣ್ಣೊರೆಸಿಕೊಳ್ಳುತ್ತಾ ಶಾರ್ಪ್ ಮಾಡಿದ, ಸಾಲದೆಂದು ಮತ್ತೆ ಮಾಡಿದ. ಪ್ರಿಂಟಿನವನು, “ಅಣ್ಣಾ, ಒಂದ್ನಿಮಿಷ, ಇದು...” ಎಂದು ಬಾಯಿ ತೆರೆದ.

“ನೀನು ಕಾಗದ ತಿನ್ಸು.”

ತಿನ್ನಿಸಿದ.

ಮಧ್ಯಾಹ್ನ ಮಗಳು ಗೆಳತಿಯರನ್ನು ಕಟ್ಟಿಕೊಂಡು ಕುಣಿಯುತ್ತಾ ಬಂದಳು. ಹದ್ದಿನಕಣ್ಣ ಬಾಗಿಲಲ್ಲಿ ಎದೆ ಸೆಟೆಸಿ ನಿಂತಿದ್ದ. ಗೆಳತಿಯರು ಗಾಜಿನ ಕಡೆ ನೋಡಿ, ಒಬ್ಬರನ್ನೊಬ್ಬರು ನೋಡಿ, ಎದುರಿನ ಚಪ್ಪಲಿ ಅಂಗಡಿಯನ್ನು ನೋಡತೊಡಗಿದರು. ಮಗಳು ಚಿತ್ರದಿಂದ ಕಣ್ಣು ತೆಗೆದು ಅವನ ಕಡೆ ತಿರುಗಿದಳು.

“ಅಪ್ಪಾ, ನಾನು ನಿಂಗೆ ಹೀಗೆ ಕಾಣ್ತೀನಾ?”

ಹದ್ದಿನಕಣ್ಣ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಕಣ್ಣು ಉರಿದು, ತಡೆಯಲಾಗದೆ ಗಟ್ಟಿಯಾಗಿ ಮುಚ್ಚಿ ತೆರೆದ. ಹಾಗೆ ಪೂರ್ತಿ ಮುಚ್ಚಿ ತೆರೆದಾಗ ಒಣಗಣ್ಣಿಗೂ ಒಂದು ಗಳಿಗೆ ನೋಟ ತಿಳಿಯಾಗುತ್ತದೆ. ಆ ಗಳಿಗೆಯಲ್ಲಿ ಕಂಡಿತು. ಮಗಳ ಕೆನ್ನೆಯ ತುಂಬ ಗುಂಡಿ, ಕಣ್ಣ ಕೆಳಗೆ ಮಸಿ, ನಗು ಇದ್ದ ಕಡೆ ಎರಡು ಗೀರು. ಯಾವಳೋ ಹಳೆಯ ಕಾಯಿಲೆಯವಳು ಅವಳ ಗೌನು ತೊಟ್ಟು ನಿಂತಿದ್ದಳು. ಮತ್ತೆ ಮಬ್ಬಾಯಿತು. ಅವನಿಗೆ ನಾಚಿಕೆಯಾಯಿತು, ಬಹುಶಃ ಹುಟ್ಟಿದ ಮೇಲೆ ಮೊದಲ ಸಲ. ಚಿತ್ರವನ್ನು ತಾನೇ ಇಳಿಸಿ, ಮುಖ ಗೋಡೆಗೆ ಮಾಡಿ ಒರಗಿಸಿದ.

ಜಟ್ಟಿ ಜಾರಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲವಲ್ಲ. ಮಾರನೆಯ ದಿನ ಡಬ್ಬಿಗಳನ್ನು ತೆಗೆಯುತ್ತಾ, ಪರದೆ ಎತ್ತರವಾಯಿತೆಂದು ತನಗೆ ಮೊದಲೇ ಅನಿಸಿತ್ತು ಎಂದು ಯಜಮಾನಿಗೆ ತಿಳಿಸಿದ. ಅವಳು ತಲೆಯಾಡಿಸಿದಳು, ಆದರೆ ಕೊನೇ ಮಾತನ್ನು ಪ್ರಿಂಟಿನವನಿಗೇ ಕೊಟ್ಟಳು. ಮನೆಯಲ್ಲಿ ಮಗಳು ಬೆಚ್ಚನೆ ಬಟ್ಟೆ ತಂದು ಅವನ ರೆಪ್ಪೆಯ ಮೇಲೆ ಇಡುತ್ತಿದ್ದಳು. ಅದರ ಕೆಳಗೂ ಅವನು ಡಾಕ್ಟರಮ್ಮನನ್ನು ಆಡಿಕೊಳ್ಳುತ್ತಲೇ ಇದ್ದ. ಕಣ್ಣಿನ ಉರಿ ಇಳಿಯುತ್ತಾ ಬಂತು, ಮಬ್ಬು ಮಾತ್ರ ಬರುವುದು ಹೋಗುವುದು ನಡೆದೇ ಇತ್ತು.

ಹಾಗೆ ಮಬ್ಬು ಬಂದುಹೋಗುತ್ತಿದ್ದ ಒಂದು ದಿನ ಮಗಳ ಚಿತ್ರವನ್ನು ಮತ್ತೆ ತೆರೆದ. ಮಾಡಿದ್ದನ್ನು ಒಂದೊಂದಾಗಿ ತೆಗೆಯುತ್ತಾ ಬಂದ. ಕಣ್ಣು ಮುಚ್ಚಿ ತೆರೆದು ನೋಡಿದ, ಮತ್ತೆ ನೋಡಿದ. ಆಮೇಲೆ ಎದ್ದು ಹೋಗಿ ಪ್ರಿಂಟಿನವನನ್ನು ಕರೆತಂದು ತನ್ನ ಕುರ್ಚಿಯಲ್ಲಿ ಕೂರಿಸಿದ.

“ಸ್ವಲ್ಪ ನೋಡಿ ಹೇಳಪ್ಪಾ. ಈಗ ನನ್ನ ಮಗಳ ಥರ ಇದ್ದಾಳಾ?”

ಪ್ರಿಂಟಿನವನು ಅವಸರ ಮಾಡದೆ ನೋಡಿದ.

“ಇನ್ನೂ ಇಲ್ಲಣ್ಣ.”

ಹದ್ದಿನಕಣ್ಣ ಅವನ ಪಕ್ಕ ಬಗ್ಗಿ ನಿಂತು ಮೌಸ್ ಹಿಡಿದ.