ಒಂದು ಗೇಣು ಕೆಳಗೆ

ಅವಳು ಬೊಂಬು ಬೀಳಿಸಿದಾಗ ನಾನು ಮೊದಲು ಬೈದದ್ದು ಬೊಂಬಿಗೆ. ಬಿಸಿಲಿಗೆ ಸೊಟ್ಟಗಾಗಿರಬೇಕು, ಸರಿಯಾಗಿ ಕೂತಿಲ್ಲ ಎಂದುಕೊಂಡು ಎತ್ತಿ ಮತ್ತೆ ಇಟ್ಟೆ. ಅವಳು ಒಂದು ಸುತ್ತು ಹಾಕಿ ಬಂದು ಮತ್ತೆ ಹಾರಿದಳು. ಹಿಂಗಾಲಿನ ಉಗುರು ತಾಗಿ ಬೊಂಬು ಮತ್ತೆ ಉರುಳಿತು. ಅವಳು ನಿಂತು ಅದನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಬೊಂಬಿಗೆ ಬೈಯುವುದನ್ನು ಅಲ್ಲಿಗೆ ನಿಲ್ಲಿಸಿದೆ.

ಅವಳು ಎಂದರೆ ನನ್ನ ನಾಯಿ. ಹೆಸರಿದೆ, ಆದರೆ ಅದು ನಮ್ಮಿಬ್ಬರ ನಡುವಿನದು. ಬೀದಿಗೆಲ್ಲ ಅವಳು ಮೇಡಮ್ಮೋರ ನಾಯಿ. ನಾನು ರೇಷ್ಮೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದವಳು. ಹನೂರು ಕಡೆಯ ಹಳ್ಳಿಗಳಲ್ಲಿ ಹುಳು ಸಾಕುವ ಮನೆಗಳಿಗೆ ಹೋಗಿ, ಹುಳು ಹೇಗಿದೆ, ಸೊಪ್ಪು ಹೇಗಿದೆ ಎಂದು ನೋಡಿ ಬರುವುದು ನನ್ನ ಕೆಲಸ. ಶಾಗ್ಯದಲ್ಲಿ ಒಬ್ಬರ ಮನೆಯ ಮುಂದೆ ಹಿಪ್ಪುನೇರಳೆ ಕಡ್ಡಿಯ ಹೊರೆಗಳು ಬಿದ್ದಿದ್ದವು. ಈ ಮರಿ ಯಾರೂ ಹೇಳದೆ, ಯಾರೂ ಅಟ್ಟದೆ, ಒಂದೊಂದೇ ಹೊರೆಯನ್ನು ಹಾರಿಕೊಂಡು ಹೋಗಿ ಮತ್ತೆ ಹಾರಿಕೊಂಡು ವಾಪಸ್ಸು ಬರುತ್ತಿತ್ತು. ನಾನು ಹುಳು ನೋಡುವುದು ಬಿಟ್ಟು ಅದನ್ನೇ ನೋಡುತ್ತಾ ನಿಂತೆ.

“ಎತ್ಕಂಡ್ ಓಗಿ ಮೇಡಮ್ಮೋರೆ, ಇಲ್ಲಿದ್ರೆ ಚಿರ್ತೆ ಬುಡದಿಲ್ಲ” ಎಂದರು ಆ ಮನೆಯ ಯಜಮಾನರು. ತಾಯಿಯನ್ನು ಆಗಲೇ ಚಿರತೆ ಹೊತ್ತೊಯ್ದಿತ್ತು. ಮರಿಯನ್ನು ಬ್ಯಾಗಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕೊಳ್ಳೇಗಾಲದ ನನ್ನ ಮನೆ ಸೇರುವವರೆಗೂ ಅವಳು ಕುಂಯ್ ಎನ್ನಲಿಲ್ಲ.

ನಾನು ಮದುವೆಯಾಗಲಿಲ್ಲ. ಅದರ ಹಿಂದೆ ಕಥೆಯೇನೂ ಇಲ್ಲ. ಇಲ್ಲ ಎಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಹೇಳುವುದನ್ನೂ ಬಿಟ್ಟಿದ್ದೇನೆ. ನಿವೃತ್ತಿಯ ದಿನ ಆಫೀಸಿನಲ್ಲಿ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, “ಬರ್ತಾ ಇರಿ ಮೇಡಂ” ಎಂದರು. ನಾನೂ ಅದನ್ನು ನಿಜವೆಂದುಕೊಂಡು ಒಂದು ಸಲ ಹೋದೆ. ನನ್ನ ಕುರ್ಚಿಯಲ್ಲಿ ಕೂತಿದ್ದ ಹೊಸ ಹುಡುಗಿ ಬಹಳ ಮರ್ಯಾದೆಯಿಂದ ಎದ್ದು ನಿಂತು, “ಏನಾಗ್ಬೇಕಿತ್ತು ಮೇಡಂ?” ಎಂದು ಕೇಳಿದಳು. ಏನೂ ಆಗಬೇಕಿರಲಿಲ್ಲ. ಮತ್ತೆ ಆ ಕಡೆ ಹೋಗಲಿಲ್ಲ.

ಹಾಗಾಗಿ ನನಗೆ ಉಳಿದದ್ದು ಭಾನುವಾರ. ಮೈಸೂರಿನ ಒಂದು ಮೈದಾನದಲ್ಲಿ ಭಾನುವಾರಗಳಂದು ಕೆಲವರು ತಮ್ಮ ನಾಯಿಗಳನ್ನು ಕರೆದುಕೊಂಡು ಬಂದು ಸೇರುತ್ತಾರೆ. ಅವರು ಆಡಿಸುವ ಆಟಕ್ಕೆ ಅಜಿಲಿಟಿ ಎನ್ನುತ್ತಾರೆ. ಸಾಲಾಗಿ ಅಡ್ಡಕೋಲುಗಳಿರುತ್ತವೆ, ಬಟ್ಟೆಯ ಸುರಂಗ ಇರುತ್ತದೆ, ನೆಟ್ಟ ಕಂಬಗಳಿರುತ್ತವೆ. ನಾಯಿ ಹಾರಬೇಕು, ನುಸುಳಬೇಕು, ತಿರುಗಬೇಕು. ಸಾಕಿದವರು ಪಕ್ಕದಲ್ಲಿ ಓಡುತ್ತಾ ಕೈ ಮಾಡಿ ದಾರಿ ತೋರಿಸಬೇಕು. ಅವಳು ಮೊದಲ ದಿನವೇ ಹುಟ್ಟಿದ್ದೇ ಇದಕ್ಕೆ ಎನ್ನುವ ಹಾಗೆ ಹಾರಿದಳು. ನಾನು ಮೊದಲ ದಿನ ಎಡವಿ ಬಿದ್ದೆ.

ನಮ್ಮನ್ನು ಮೈಸೂರಿಗೆ ಕರೆದೊಯ್ಯಲು ಪಕ್ಕದ ಬೀದಿಯ ಓಮ್ನಿ ವ್ಯಾನಿನವನು ಪ್ರತಿ ಭಾನುವಾರ ಬೆಳಗಾಗುವ ಹೊತ್ತಿಗೆ ಗೇಟಿನ ಮುಂದೆ ಬರುತ್ತಿದ್ದ. ಮೈದಾನದಲ್ಲಿದ್ದವರೆಲ್ಲ ನನಗಿಂತ ಚಿಕ್ಕವರು, ನನ್ನನ್ನು ಆಂಟಿ ಎನ್ನುತ್ತಿದ್ದರು. ಆಟ ಮುಗಿದ ಮೇಲೆ ಮರದ ಕೆಳಗೆ ಕೂತು ನನ್ನ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಯ ಡಬ್ಬಿಗೆ ಜಗಳವಾಡುತ್ತಿದ್ದರು. ಒಂದು ವಾರ ತಡವಾಗಿ ಹೋದಾಗ, ಒಂದು ಕುರ್ಚಿಯ ಮೇಲೆ ಯಾರೋ ತಮ್ಮ ಟೋಪಿ ಇಟ್ಟು ನನಗೆಂದು ಹಿಡಿದಿದ್ದರು. ಆ ಟೋಪಿ ನೋಡಿ ನನಗಾದ ಸಂತೋಷವನ್ನು ಈ ವಯಸ್ಸಿನಲ್ಲಿ ಯಾರ ಬಳಿಯಾದರೂ ಹೇಳಿಕೊಂಡರೆ ನಗುತ್ತಾರೆ.

ಅಭ್ಯಾಸಕ್ಕೆಂದು ಹಿತ್ತಲಿನಲ್ಲೂ ಅಡ್ಡಬೊಂಬು ಕಟ್ಟಿದ್ದೆ. ಹುಳು ಗೂಡು ಕಟ್ಟಲು ಬಿಡುವ ಬಿದಿರಿನ ದೊಡ್ಡ ತಟ್ಟೆಗಳಿರುತ್ತವಲ್ಲ, ಚಂದ್ರಿಕೆ, ಅಂಥ ಎರಡು ಹಳೆಯ ಚಂದ್ರಿಕೆಗಳನ್ನು ಎರಡು ಬದಿಗೆ ನಿಲ್ಲಿಸಿ, ನಡುವೆ ಬೊಂಬು. ಎತ್ತರ ನನ್ನ ಮಂಡಿಯ ತನಕ. ಕಾಂಪೌಂಡಿನಾಚೆಯ ಮನೆಯಾಕೆಗೆ ಇದು ಪ್ರತಿದಿನದ ಬಿಟ್ಟಿ ಸಿನಿಮಾ. ಬೊಂಬು ಬಿದ್ದ ಬೆಳಿಗ್ಗೆಯೂ ಗೋಡೆಯ ಮೇಲೆ ಗಲ್ಲವಿಟ್ಟು ನೋಡುತ್ತಿದ್ದಳು.

“ಯಾಕಕ್ಕಾ ನಾಯ್ಗೆ ಇಂಗ್ ಸರ್ಕಸ್ ಮಾಡಿಸ್ತೀಯ? ಅದ್ಕೂ ವಯಸ್ಸಾಯ್ತು, ನಿಂಗೂ ಆಯ್ತು.”

“ನಿನಗಾಗಿಲ್ವಾ?” ಎಂದೆ.

“ನಾನೇನ್ ಆರ್ತಾ ಇದ್ದೀನಾ?” ಎಂದು ನಕ್ಕು ಒಳಗೆ ಹೋದಳು.

ಯಳಂದೂರಿನ ಪಶು ಆಸ್ಪತ್ರೆಗೆ ನಾಯಿಯನ್ನು ಕರೆದುಕೊಂಡು ಹೋದೆ. ಕೊಳ್ಳೇಗಾಲದಲ್ಲಿ ಡಾಕ್ಟರಿಲ್ಲ ಎಂದಲ್ಲ. ಯಳಂದೂರಿನ ಡಾಕ್ಟರು ತಾವೂ ನಾಯಿ ಸಾಕಿದವರು, ನಾಯಿ ತಂದವರನ್ನು ಕೆಲಸವಿಲ್ಲದವರು ಎನ್ನುವ ಹಾಗೆ ನೋಡುವುದಿಲ್ಲ. ಒಂದು ಹಸು, ಆಮೇಲೆ ಹೊಟ್ಟೆ ಉಬ್ಬರಿಸಿದ ಮೇಕೆ, ಆಮೇಲೆ ನಾವು. ಅವರು ಅವಳ ಭುಜ, ಬೆನ್ನು, ತೊಡೆ ಎಲ್ಲ ನಿಧಾನವಾಗಿ ಒತ್ತಿ ನೋಡಿದರು. ಅಂಗಳದಲ್ಲಿ ನಡೆಸಿದರು, ಓಡಿಸಿದರು.

“ಎಷ್ಟು ಎತ್ತರ ಹಾರಿಸ್ತೀರಿ?”

ಮಂಡಿ ಮುಟ್ಟಿ ತೋರಿಸಿದೆ.

“ವಯಸ್ಸು?”

“ಹತ್ತು ಆಗ್ತಾ ಬಂತು ಸಾರ್.”

“ಭುಜ ಸ್ವಲ್ಪ ಬಿಗಿಯಾಗಿದೆ. ಗಾಬರಿ ಬೇಡ, ಈ ವಯಸ್ಸಿಗೆ ಇದು ಇದ್ದದ್ದೇ. ಹಾರಿಸೋದನ್ನ ಪೂರ್ತಿ ನಿಲ್ಲಿಸ್ಬೇಡಿ, ಮೈ ಇನ್ನೂ ಹಿಡ್ಕೊಳುತ್ತೆ. ಎತ್ತರ ಇಳಿಸಿ.”

“ಎಷ್ಟಕ್ಕೆ?”

“ಇಷ್ಟು ಅಂತ ನಾನು ಹೇಳಿದ್ರೆ ತಪ್ಪಾಗುತ್ತೆ. ಮೇಲೆ ಹೋಗೋದನ್ನ ನೋಡ್ಬೇಡಿ ಮೇಡಂ, ಕೆಳಗೆ ಬರೋದನ್ನ ನೋಡಿ. ಮುಂಗಾಲು ಊರಿದಾಗ ತಲೆ ಕುಕ್ಕಿದ್ರೆ ಇಳಿಸಿ. ಬೊಂಬಿನ ಮುಂದೆ ಬಂದು ಅನುಮಾನ ಮಾಡಿ ಒಂದು ಹೆಜ್ಜೆ ಹೆಚ್ಚು ಹಾಕಿದ್ರೆ ಇಳಿಸಿ. ಮೆತ್ತಗೆ ಬಿದ್ದು ಅದೇ ಓಟದಲ್ಲಿ ಮುಂದೆ ಹೋದ್ರೆ, ಅದೇ ಅದರ ಎತ್ತರ.”

ವಾಪಸ್ಸು ಬರುವಾಗ ಯೋಚಿಸಿದೆ. ತಾಳುಬೆಟ್ಟದಿಂದ ಮಾದಪ್ಪನ ಬೆಟ್ಟಕ್ಕೆ ನಾನು ನಡೆದು ಹೋದ ಕೊನೆಯ ಸಲ ಹತ್ತುವಾಗ ಎಲ್ಲರಿಗಿಂತ ಮುಂದಿದ್ದೆ. ಇಳಿಯುವ ಹೊತ್ತಿಗೆ ಮಂಡಿ ಗಡಗಡ ನಡುಗಿ, ಪಕ್ಕದಲ್ಲಿ ಹೋಗುತ್ತಿದ್ದ ಅಪರಿಚಿತ ಹೆಂಗಸಿನ ಭುಜ ಹಿಡಿದೇ ಇಳಿದದ್ದು. ಡಾಕ್ಟರು ಹೇಳಿದ್ದು ಅರ್ಥವಾಗಲು ನನಗೆ ಬೇರೆ ಪುಸ್ತಕ ಬೇಕಿರಲಿಲ್ಲ.

ಬೊಂಬನ್ನು ಒಂದು ಗೇಣು ಕೆಳಗೆ ಕಟ್ಟಿದೆ. ಅಷ್ಟಕ್ಕೆ ಮುಗಿಯಿತು ಎಂದುಕೊಂಡಿದ್ದೆ. ಆದರೆ ಅವಳು ಹಳೆಯ ಎತ್ತರಕ್ಕೇ ಹಾರಿದಳು. ಬೊಂಬು ಕೆಳಗೆ, ಅವಳು ಮೇಲೆ, ನಡುವೆ ಒಂದು ಗೇಣು ಬರೀ ಗಾಳಿ. ಅದೇ ತಲೆ ಕುಕ್ಕುವುದು, ಅದೇ ಭುಜಕ್ಕೆ ಪೆಟ್ಟು. ಇನ್ನೂ ಇಳಿಸಿದೆ. ಆಗಲೂ ಅಷ್ಟೇ ಮೇಲೆ. ಮೊಂಡು ಮುಂಡೇದೆ ಎಂದು ಬೈದೆ. ಬಾಲ ಆಡಿಸಿದಳು.

ಮೈದಾನದಲ್ಲಿ ನಮಗೆಲ್ಲ ಕಲಿಸುವ ಹುಡುಗಿಯೊಬ್ಬಳಿದ್ದಾಳೆ. ಅವಳಿಗೆ ತೋರಿಸಿ ಕೇಳೋಣ ಎಂದು ಫೋನನ್ನು ಗೋಡೆಗೆ ಒರಗಿಸಿಟ್ಟು ವಿಡಿಯೋ ಮಾಡಿದೆ. ಕಳಿಸುವ ಮುಂಚೆ ನಾನೇ ಒಂದು ಸಲ ನೋಡಿದೆ. ಮೊದಲು ಕಣ್ಣಿಗೆ ಬಿದ್ದದ್ದು ನಾಯಿಯಲ್ಲ, ನಾನು. ನೈಟಿಯ ಮೇಲೆ ಸ್ವೆಟರು, ಕೆದರಿದ ಕೂದಲು, ಹೊರಟ ಬಸ್ಸಿಗೆ ಅಡ್ಡ ಹಾಕುವವಳ ಹಾಗೆ ಎದೆಯ ಮೇಲಕ್ಕೆ ಎಸೆದ ಕೈ. ನಾಯಿಯ ಕಣ್ಣು ಬೊಂಬಿನ ಮೇಲೆ ಇರಲೇ ಇಲ್ಲ. ನನ್ನ ಕೈ ಎಲ್ಲಿತ್ತೋ ಅಲ್ಲಿತ್ತು. ಇಷ್ಟು ವರ್ಷವೂ ಅವಳು ಹಾರುತ್ತಿದ್ದದ್ದು ನನ್ನ ಕೈಯನ್ನು.

ವಿಡಿಯೋ ಕಳಿಸಲಿಲ್ಲ. ಮಾರನೆಯ ದಿನದಿಂದ ಕೈಯನ್ನು ತೊಡೆಗೆ ಅಂಟಿಸಿಕೊಂಡು ಓಡಲು ಶುರುಮಾಡಿದೆ. ಮೊದಮೊದಲು ಅವಳು ಬೊಂಬಿನ ಮುಂದೆ ಬಂದು ನಿಂತುಬಿಡುತ್ತಿದ್ದಳು. ಕೈ ಎಲ್ಲಿ ಹೋಯಿತು ಎಂದು ತಲೆಯೆತ್ತಿ ಹುಡುಕುತ್ತಿದ್ದಳು. ನಾನು ಬೇಜಾರು ಮಾಡಿಕೊಂಡಿದ್ದೇನೆ ಎಂದುಕೊಂಡಳೋ ಏನೋ, ಹತ್ತಿರ ಬಂದು ಆ ಕೈಯನ್ನು ಮೂಗಿನಿಂದ ಮೇಲಕ್ಕೆ ನೂಕಿದಳು. ನಾನು ಅಲ್ಲೇ ನೆಲದ ಮೇಲೆ ಕೂತು ಅತ್ತೆ. ಗೋಡೆಯಾಚೆಯ ಸಿನಿಮಾ ಪ್ರೇಕ್ಷಕಿ ಆ ದಿನ ಇರಲಿಲ್ಲ, ಸದ್ಯ.

ನಿಧಾನವಾಗಿ ಕಲಿತಳು. ನನ್ನ ಕೈ ಕೆಳಗಿಳಿದಂತೆ ಅವಳೂ ಇಳಿದಳು. ಒಂದು ಬೆಳಿಗ್ಗೆ ಹಸಿ ಮಣ್ಣಿನ ಮೇಲೆ ಸದ್ದೇ ಇಲ್ಲದೆ ಇಳಿದು, ಅದೇ ಓಟದಲ್ಲಿ ಕರಿಬೇವಿನ ಗಿಡ ಸುತ್ತಿಕೊಂಡು ಬಂದಳು. ಬೊಂಬು ನನ್ನ ಮೀನಖಂಡದ ಅರ್ಧಕ್ಕಿತ್ತು. ಅದೇ ಅವಳ ಎತ್ತರ.

ಅಷ್ಟರಲ್ಲಿ ಮೈಸೂರಿನಲ್ಲಿ ಚಳಿಗಾಲದ ಸ್ಪರ್ಧೆ ಹತ್ತಿರ ಬಂತು. ಕಲಿಸುವ ಹುಡುಗಿ ಫೋನ್ ಮಾಡಿದಳು.

“ಆಂಟಿ, ಹಳೇ ಎತ್ತರಕ್ಕೇ ಹಾಕ್ಲಾ, ಹಿರಿಯ ನಾಯಿಗಳ ವಿಭಾಗಕ್ಕೆ ಹಾಕ್ಲಾ? ಹಿರಿಯರದ್ದು ಬಿಸಿಲು ಏರೋ ಮೊದ್ಲೇ ಮುಗಿಸಿಬಿಡ್ತಾರೆ. ನಮ್ಮದೆಲ್ಲ ಹತ್ತು ಗಂಟೆ ಮೇಲೆ.”

“ಆಮೇಲೆ? ಭಾನುವಾರ?”

“ಹಿರಿಯ ನಾಯಿಗಳು ಪ್ರತಿ ವಾರ ಬರೋದು ಬೇಡ ಆಂಟಿ. ಅಷ್ಟು ದೂರ ಗಾಡೀಲಿ ಕೂತು ಬರೋದೇ ಅವಕ್ಕೆ ಕಷ್ಟ. ಮನೇಲೇ ಆಡಿಸಿ ಸಾಕು.” ಆಮೇಲೆ ದನಿ ತಗ್ಗಿಸಿ, “ಇನ್ನೊಂದು ವರ್ಷ ಬೇಕಾದ್ರೆ ಹಳೇದಕ್ಕೇ ಹಾಕೋಣ. ಅವಳು ಹಾರ್ತಾಳೆ ಅಲ್ವಾ?” ಎಂದಳು.

ಹಾರುತ್ತಾಳೆ. ಕಷ್ಟವಿದ್ದದ್ದೇ ಅಲ್ಲಿ. ಕೈ ಎತ್ತಿದರೆ ಸಾಕು, ಭುಜ ಕಿತ್ತುಬಂದರೂ ಹಾರುತ್ತಾಳೆ. ಆಗ ನನಗೆ ಇನ್ನೊಂದು ವರ್ಷದ ಭಾನುವಾರಗಳು ಸಿಗುತ್ತವೆ, ಮರದ ಕೆಳಗೆ ಕುರ್ಚಿ ಸಿಗುತ್ತದೆ, ರೊಟ್ಟಿ ಡಬ್ಬಿಗೆ ಜಗಳವಾಡುವವರು ಸಿಗುತ್ತಾರೆ. ನಾಳೆ ಹೇಳುತ್ತೇನೆ ಎಂದು ಫೋನಿಟ್ಟೆ. ಅವಳು ಅಡುಗೆಮನೆಯ ಹೊಸಿಲಿಗೆ ತಲೆಯಿಟ್ಟು ಮಲಗಿದ್ದಳು. ಎದ್ದಳು, ಮುಂಗಾಲು ಚಾಚಿ ಮೈಮುರಿದಳು, ಎಡಭುಜ ಒಂದಿಷ್ಟು ತಡೆದು ಆಮೇಲೆ ಚಾಚಿತು. ನಾಳೆಯವರೆಗೆ ಕಾಯಲಿಲ್ಲ. ಆಗಲೇ ಫೋನ್ ಮಾಡಿ ಹಿರಿಯರಿಗೇ ಹಾಕಮ್ಮ ಎಂದೆ. ಸರಿ ಆಂಟಿ ಎಂದಳು. ಇನ್ನೇನಾದರೂ ಹೇಳುತ್ತಾಳೆ ಎಂದು ಸ್ವಲ್ಪ ಕಾದೆ. ಯಾರೋ ಕರೆದರು, ಇಟ್ಟುಬಿಟ್ಟಳು.

ಸ್ಪರ್ಧೆಯ ದಿನ ನಾವು ತಲುಪಿದಾಗ ಮೈದಾನದ ಹುಲ್ಲೆಲ್ಲ ಇಬ್ಬನಿ. ತೀರ್ಪುಗಾರರು ಮಫ್ಲರ್ ಸುತ್ತಿಕೊಂಡು ಫ್ಲಾಸ್ಕಿನ ಚಹಾ ಕುಡಿಯುತ್ತಿದ್ದರು. ನಮ್ಮದಲ್ಲದೆ ಇನ್ನೊಂದೆರಡು ಮುದಿ ನಾಯಿಗಳಿದ್ದವು, ಗಲ್ಲವೆಲ್ಲ ಬೆಳ್ಳಗಾದವು. ಶಾಮಿಯಾನದ ಕುರ್ಚಿಗಳನ್ನು ಇನ್ನೂ ಬಿಡಿಸಿರಲಿಲ್ಲ. ಅವಳ ಸರದಿ ಬಂತು. ನಾನು ಕೈ ತೊಡೆಗಿಟ್ಟು ಓಡಿದೆ. ಒಂದು ಕೋಲೂ ಬೀಳಲಿಲ್ಲ. ಪ್ರತಿ ಸಲವೂ ಮೆತ್ತಗೆ ಇಳಿದು ಅದೇ ಓಟದಲ್ಲಿ ಮುಂದೆ ಹೋದಳು. ಅಷ್ಟು ಚೆನ್ನಾಗಿ ಅವಳು ಎಂದೂ ಹಾರಿರಲಿಲ್ಲ, ಮತ್ತು ಅದನ್ನು ನೋಡಲು ನಮ್ಮವರು ಯಾರೂ ಬಂದಿರಲಿಲ್ಲ. ಕೊನೆಯಲ್ಲಿ ಕೋಲು ಜೋಡಿಸುವವರು ಚಪ್ಪಾಳೆ ತಟ್ಟಿದರು. ತೀರ್ಪುಗಾರರು “ವಯಸ್ಸಾದ್ರೂ ಲಕ್ಷಣವಾಗಿ ಓಡ್ತಾಳೆ” ಎಂದರು. ನನಗೋ ಅವಳಿಗೋ ಎಂದು ಕೇಳಲಿಲ್ಲ.

ಉಳಿದವರು ಬರುವ ತನಕ ಕಾಯಬಹುದಿತ್ತು. ಆದರೆ ಬಿಸಿಲು ಏರುತ್ತಿತ್ತು, ಅವಳು ನಾಲಗೆ ಚಾಚಿ ಓಮ್ನಿಯ ನೆರಳಿಗೆ ಹೋಗಿ ಮಲಗಿದ್ದಳು. ರೊಟ್ಟಿಯ ಡಬ್ಬಿಯನ್ನು ಕೋಲು ಜೋಡಿಸುವವರಿಗೆ ಕೊಟ್ಟು, ಎಲ್ಲರಿಗೂ ಕೊಡಿ ಎಂದು ಹೇಳಿ ಹೊರಟೆ. ನರಸೀಪುರ ದಾಟಿದ ಮೇಲೆ ಓಮ್ನಿಯವನು ಕನ್ನಡಿಯಲ್ಲಿ ನೋಡುತ್ತಾ, “ಮುಂದಿನ್ ವಾರ ಎಷ್ಟೊತ್ಗೆ ಬರ್ಲಿ ಮೇಡಮ್ಮೋರೆ?” ಎಂದ.

“ಬೇಡಪ್ಪ. ಬೇಕಾದಾಗ ನಾನೇ ಹೇಳ್ತೀನಿ.”

“ನಾಯ್ಗೆ ಉಸಾರಿಲ್ವಾ?”

“ಚೆನ್ನಾಗಿದ್ದಾಳೆ” ಎಂದೆ. ಅವನು ಹಾಡು ಹಾಕಿದ.

ಮುಂದಿನ ಭಾನುವಾರಕ್ಕೆ ನಾನು ಮನಸ್ಸನ್ನು ಗಟ್ಟಿ ಮಾಡಿಕೊಂಡೇ ಎದ್ದೆ. ಹಿತ್ತಲಿನ ಮಣ್ಣಿಗೆ ನೀರು ಚಿಮುಕಿಸಿ ಮೆತ್ತಗೆ ಮಾಡಿದೆ. ಬೊಂಬನ್ನು ಅವಳ ಎತ್ತರಕ್ಕೆ ಸರಿಯಾಗಿ ಕಟ್ಟಿದೆ. ಇನ್ನು ನಮ್ಮ ಭಾನುವಾರ ಇಲ್ಲೇ, ಇಬ್ಬರದೇ, ಅದಕ್ಕೇನಂತೆ ಎಂದು ನನಗೆ ನಾನೇ ಹೇಳಿಕೊಂಡು ಅವಳನ್ನು ಕರೆದೆ. ಬರಲಿಲ್ಲ. ಮತ್ತೆ ಕರೆದೆ. ಮನೆಯೆಲ್ಲ ಹುಡುಕಿ ಮುಂದುಗಡೆ ಬಂದು ನೋಡಿದರೆ, ಗೇಟಿನ ಸಂದಿಗೆ ಮೂಗಿಟ್ಟು ಕೂತಿದ್ದಳು. ಹೊರಡುವಾಗ ಕೊರಳಿಗೆ ಹಾಕುವ ಹಗ್ಗವನ್ನು ಮೊಳೆಯಿಂದ ಎಳೆದುಕೊಂಡು ಬಂದು ಕಾಲ ಬುಡದಲ್ಲಿ ಹಾಕಿಕೊಂಡಿದ್ದಳು. ಬೀದಿಯಲ್ಲಿ ಯಾವ ಗಾಡಿಯ ಸದ್ದಾದರೂ ಕಿವಿ ನೆಟ್ಟಗಾಗುತ್ತಿತ್ತು.

ಇಷ್ಟು ದಿನ ನಾನು ಕಳೆದುಕೊಳ್ಳುವುದನ್ನು ಮಾತ್ರ ಯೋಚಿಸಿದ್ದೆ. ಅವಳಿಗೂ ಅಲ್ಲಿ ಯಾರೋ ಇದ್ದಿರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ.

“ಬಾರೇ, ಹಾರೋಣ” ಎಂದೆ. ತಿರುಗಿ ನೋಡಿ ಒಂದು ಸಲ ಬಾಲ ಬಡಿದು ಮತ್ತೆ ಬೀದಿಯ ಕಡೆ ಮುಖ ಮಾಡಿದಳು. ಗಾಡಿ ಬರುವುದಿಲ್ಲ ಎಂದು ಅವಳಿಗೆ ಹೇಳುವುದು ಹೇಗೆಂದು ತಿಳಿಯದೆ, ಹಿತ್ತಲ ಬಾಗಿಲಿಗೆ ಚಿಲಕ ಹಾಕಿ ಬಂದು ಅವಳ ಪಕ್ಕದಲ್ಲಿ ಕೂತೆ.